ಪರಿಮಳ ತಪ್ಪಿದ ಕೊಪ್ಪರಿಗೆ

"ಎಲ್ಲಿ ಹೋಯ್ತು ಆ ಪರಿಮಳ?"

ಬಿಯರ್ ತುಂಬಿದ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಾರ್ಖಾನೆಯ ಯಜಮಾನರ ಮಗ ಯಾರನ್ನೂ ನೋಡದೆ ಕೇಳಿದ. ಬಾಗಿಲಲ್ಲಿ ನಿಂತಿದ್ದ ದರ್ಜಿಗೆ ಉತ್ತರ ಕೊಡಬೇಕೋ ಬೇಡವೋ ತಿಳಿಯಲಿಲ್ಲ. ಅವನು ಭಾವನ ಜೊತೆ ಬಂದಿದ್ದ. ಭಾವ ಪೊಲೀಸ್ ಕೆಲಸ ಬಿಟ್ಟು ಮನೆಯಲ್ಲಿದ್ದರೂ ಊರಿನ ಗಂಟುಗಳೆಲ್ಲ ಅವನ ಮುಂದೆಯೇ ಬಂದು ಬಿಚ್ಚಿಕೊಳ್ಳುತ್ತಿದ್ದವು. ಯಾವುದಕ್ಕೂ ಅವಸರಪಡದ ಅವನನ್ನು ಜನ ನಿಧಾನಪ್ಪ ಎನ್ನುತ್ತಿದ್ದರು.

"ಉಗ್ರಾಣದವಳು ಕದ್ದಿದ್ದಾಳೆ ಸಾರ್," ಎಂದ ಮಗ. "ಬಿಯರ್‌ಗೆ ಘಮ ಕೊಡೋ ಜರ್ಮನಿಯ ಹಳೇ ತಳಿ ಹಾಪ್ಸ್ ಹೂವು, ತರಿಸೋದೇ ಕಷ್ಟ. ಅದನ್ನ ಹೊರಗೆ ಸಾಗಿಸಿ ಡಬ್ಬಿಗೆ ಬರೀ ಕಹಿ ಹಾಪ್ಸ್ ತುಂಬಿದ್ದಾಳೆ. ಸಂಜೆಯೊಳಗೆ ಒಪ್ಪಿಕೊಳ್ಳಲಿ, ಇಲ್ಲ ಅಂದ್ರೆ ಮನೆಗೆ ಕಳಿಸ್ತೀನಿ."

ಮೂಲೆಯಲ್ಲಿ ನಿಂತಿದ್ದ ಉಗ್ರಾಣದ ಹೆಂಗಸು ತಲೆಯೆತ್ತಿದಳು. "ಕೆಲಸ ಹೋದ್ರೆ ಹೋಗ್ಲಿ. ಕಳ್ಳಿ ಅನ್ನಿಸ್ಕೊಂಡು ಯಾರ ಮನೆ ಬಾಗಿಲು ತಟ್ಟಲಿ ನಾನು?"

"ಆ ಹೂವು ಸ್ವಲ್ಪ ತೋರಿಸಮ್ಮ," ಎಂದ ನಿಧಾನಪ್ಪ.

ತಣ್ಣನೆಯ ಉಗ್ರಾಣದಲ್ಲಿ ಅವಳು ಎರಡು ಚೀಲಗಳಿಂದ ಒಂದೊಂದು ಹಿಡಿ ತೆಗೆದಳು. ಕಣ್ಣಿಗೆ ಎರಡೂ ಅವಳಿ ಮಕ್ಕಳು: ಹಸಿರು ಎಸಳಿನ ಮೇಲೆ ಎಸಳು, ಕಾಗದದಷ್ಟು ಹಗುರ. ಒಂದನ್ನು ದರ್ಜಿಯ ಅಂಗೈಯಲ್ಲಿ ಉಜ್ಜಿದಳು. ಅರಿಶಿನದಂಥ ಪುಡಿ ಉದುರಿತು. ಮೆತ್ತಗೆ ಹೂವಿನ ಕಂಪು, ಆಗ ತಾನೇ ಕೊಯ್ದ ಹುಲ್ಲಿನ ವಾಸನೆ, ಅದರ ಹಿಂದೆ ಎಲ್ಲೋ ಒಂದಿಷ್ಟು ಮಸಾಲೆಯ ಘಮ.

"ನಮ್ಮಕ್ಕ ಸಿಟ್ಟಿಲ್ಲದ ದಿನ ಹೀಗೇ ಇರ್ತಾಳೆ ಭಾವ," ಎಂದ ದರ್ಜಿ.

ಎರಡನೆಯದು ಮೂಗಿಗೆ ಬಡಿಯಿತು. ಹಸಿ ಈರುಳ್ಳಿ, ಮರದ ಅಂಟು. ಭಾವನೂ ಮೂಸಿ, "ಇದು ಉಳಿದ ದಿನ," ಎಂದ.

ಹೆಂಗಸಿನ ಮುಖದಲ್ಲಿ ಅಂದು ಮೊದಲ ಸಲ ನಗು ಸುಳಿಯಿತು. "ಕಹಿಯದ್ದು ಮೊದಲು ಬೀಳ್ಬೇಕು ಸ್ವಾಮಿ. ಚೆನ್ನಾಗಿ ಕುದ್ರೇನೇ ಕಹಿ ಬಿಡೋದು. ಜರ್ಮನಿಯದ್ರಲ್ಲಿ ಕಹಿ ಕಮ್ಮಿ, ಘಮವೇ ಅದರ ಆಸ್ತಿ. ಬಹಳ ಕುದಿಸಿದ್ರೆ ಹಬೆ ಜೊತೆ ಹಾರಿಹೋಗುತ್ತೆ. ಅದಕ್ಕೇ ಇಳಿಸೋ ಮುಂಚೆ ಹಾಕೋದು."

"ಡಬ್ಬಿ ಮೇಲೆ ಹೆಸರು ಬರೆಯಲ್ವಾ?" ಎಂದು ನಿಧಾನಪ್ಪ ಕೇಳಿದ.

"ಯಜಮಾನರ ಮೂಗಿಗೆ ಅವಮಾನ ಅದು! ಕೊಪ್ಪರಿಗೆ ಪಕ್ಕದ ಹಲಗೆ ಮೇಲೆ ಎಡಕ್ಕೆ ಕಹಿ, ಬಲಕ್ಕೆ ಪರಿಮಳ, ಸಮ ತೂಕ ಇಟ್ಟು ಬರ್ತೀನಿ. ಅವರು ಉಜ್ಜಿ, ಮೂಸಿ, ತಮ್ಮ ಕೈಯಾರೆ ಸುರೀತಾರೆ. ಮನೆತನದ ಪದ್ಧತಿ. ಈ ಬಿಯರ್ ಕುದಿಸಿದ ದಿನವೂ ಹಾಗೇ ಇಟ್ಟೆ. ಖಾಲಿ ಡಬ್ಬಿ ತರೋಕೆ ಹೋದಾಗ ಯಾರೋ ಹಲಗೆ ತೊಳೆಸಿದ್ರು, ಇನ್ನೂ ಹಸಿಯಾಗಿತ್ತು."

ಉಗ್ರಾಣದಿಂದ ಹಿಂದಿರುಗುವಾಗ, ಕಾರ್ಖಾನೆಗೆ ಅಂಟಿಕೊಂಡ ಯಜಮಾನರ ಮನೆಯ ಓಣಿಯಲ್ಲೇ ಸೀದ ವಾಸನೆ ಮೂಗಿಗೆ ಅಡರಿತು. ದರ್ಜಿ ಅಡುಗೆಮನೆಗೆ ಓಡಿದ. ಒಲೆಯ ಮೇಲೆ ಹಾಲು ತಳ ಹಿಡಿದು ಕರಕಾಗುತ್ತಿತ್ತು. ಒಲೆಗೆ ಬೆನ್ನು ಮಾಡಿ ಕೂತಿದ್ದ ಯಜಮಾನರು ಪತ್ರಿಕೆಯ ಪುಟ ತಿರುವಿ, "ಏನಪ್ಪ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಎಂದು ನಕ್ಕರು. ಬಾಗಿಲಲ್ಲಿ ನಿಂತ ನಿಧಾನಪ್ಪ ನಗಲಿಲ್ಲ. ಯಜಮಾನರ ಮಗನಿಂದ ಇಸಿದುಕೊಂಡಿದ್ದ ಬಿಯರ್ ಲೋಟವನ್ನು ಭಾಮೈದನಿಗೆ ಕೊಟ್ಟ.

"ಕುಡಿದು ಹೇಳು. ಕಹಿ ಎಷ್ಟಿದೆ?"

"ಕಹಿಯೇ? ಇಲ್ಲ ಅಂತಲೇ ಅನ್ನಬಹುದು ಭಾವ. ಮೂಗಿಗೆ ಮಾತ್ರ ಈರುಳ್ಳಿ."

ಸಂಜೆ ಎಲ್ಲರೂ ಕೊಪ್ಪರಿಗೆಯ ಕೋಣೆಯಲ್ಲಿ ಸೇರಿದರು.

"ಇಲ್ಲಿ ಕಳ್ಳತನ ಆಗಿಲ್ಲ," ಎಂದು ನಿಧಾನಪ್ಪ ಶುರುಮಾಡಿದ. "ಎರಡು ಡಬ್ಬಿಯಲ್ಲೂ ಕಹಿ ಹಾಪ್ಸೇ ಇದ್ದಿದ್ದರೆ ಮೊದಲು ಬಿದ್ದದ್ದು ಚೆನ್ನಾಗಿ ಕುದ್ದು ಬಿಯರ್ ಎಂದಿನಷ್ಟಾದರೂ ಕಹಿ ಇರಬೇಕಿತ್ತು. ಆದರೆ ಕಹಿ ಕಮ್ಮಿಯಾಗಿದೆ. ಅಂದರೆ ಮೊದಲು ಬಿದ್ದದ್ದೇ ಜರ್ಮನಿಯದು. ಕುದ್ದು ಕುದ್ದು ಘಮ ಹಾರಿಹೋಯಿತು. ಕಹಿಯದ್ದು ಕೊನೆಗೆ ಬಿತ್ತು. ಕುದಿಯಲು ಹೊತ್ತು ಸಾಲದೆ ಕಹಿ ಬಿಡಲಿಲ್ಲ, ತನ್ನ ಈರುಳ್ಳಿ ವಾಸನೆಯನ್ನಷ್ಟೇ ಉಳಿಸಿತು. ಎರಡೂ ಕೊಪ್ಪರಿಗೆಯೊಳಗೇ ಇವೆ. ಸರದಿ ತಪ್ಪಿದೆ, ಅಷ್ಟೆ. ಅಂದ ಹಾಗೆ, ಅವತ್ತು ಹಲಗೆ ತೊಳೆಸಿದ್ದು ಯಾರು?"

ಮಗನ ಮುಖ ಬಿಳಿಚಿಕೊಂಡಿತು. "ನಾನೇ. ಡಬ್ಬಿ ಎತ್ತಿ ಕೆಳಗಿಟ್ಟೆ, ಆಮೇಲೆ ವಾಪಸ್ ಇಟ್ಟೆ... ಎಡ ಬಲ ನೋಡಲಿಲ್ಲ. ಆದ್ರೆ ಅಪ್ಪ ಮೂಸಿ ತಾನೇ ಹಾಕೋದು?"

"ಅದೇ ಪ್ರಶ್ನೆ. ಬೆನ್ನ ಹಿಂದೆ ಹಾಲು ಸೀದು ಹೋಗ್ತಿದ್ರೂ ತಿಳಿಯದವರು ಈ ಎರಡು ಹೂವನ್ನ ಹೇಗೆ ಬೇರೆ ಮಾಡ್ತಾರೆ?"

ದರ್ಜಿಗೆ ನೆಲ ನೋಡುವುದೇ ಲೇಸೆನಿಸಿತು.

"ಹೋದ ಚಳಿಗಾಲದ ಜ್ವರ ಮೂಗನ್ನೂ ತಗೊಂಡು ಹೋಯ್ತು," ಎಂದರು ಯಜಮಾನರು. "ಎಡದ್ದು ಎಡದಲ್ಲೇ ಇರುತ್ತೆ ಅಂತ ನಂಬಿ ಮೂಸಿದ ಹಾಗೆ ಮಾಡ್ತಿದ್ದೆ. ಇವಳ ಮೇಲೆ ತಪ್ಪು ಬಿದ್ದಾಗಲೂ ಬಾಯಿ ಬಿಡಲಿಲ್ಲ. ದೇವರು ಕ್ಷಮಿಸಲಿ."

"ಅಕ್ಕಾ, ತಪ್ಪಾಯ್ತು," ಎಂದ ಮಗ. "ಉಗ್ರಾಣ ನಿಮ್ಮದೇ."

ಯಜಮಾನರು ಅವಳತ್ತ ತಿರುಗಿದರು. "ಒಂದು ಕೇಳ್ತೀನಿ ತಾಯಿ, ಇಲ್ಲ ಅನ್ನಬೇಡ. ಇನ್ಮೇಲೆ ನೀನು ನನ್ನ ಹಿಂದೆ ನಿಂತ್ಕೋ. ಮೊದಲೇ ಮೂಸಿ ಸರಿಯಾದ ಡಬ್ಬಿ ನನ್ನ ಕೈಗೆ ಕೊಡು. ನಾನು ಮೂಸಿದ ಹಾಗೆ ಮಾಡಿ ಸುರೀತೀನಿ. ಕೆಲಸದವರಿಗೆ ತಿಳಿಯೋದು ಬೇಡ."

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ದನಿ ಮಾತ್ರ ಅಲುಗಲಿಲ್ಲ.

"ಆಗಲ್ಲ ಯಜಮಾನ್ರೇ. ನಾನು ಮೂಸಿದ್ದನ್ನ ನಾನೇ ಸುರೀತೀನಿ, ಎಲ್ಲರೂ ನೋಡ್ತಿರೋ ಹಾಗೆ. ಕದ್ದು ಮುಚ್ಚಿ ಮಾಡೋ ಕೆಲಸ ನನ್ನಿಂದ ಆಗೋದಿಲ್ಲ."