ಸೊಪ್ಪಿನ ಕೋಣೆಯ ಸದ್ದು

ಪ್ರೀತಿ ಹುಟ್ಟುವುದಕ್ಕೆ ಚಾಕಿ ಕೇಂದ್ರ ಅಂಥ ಪ್ರಶಸ್ತವಾದ ಜಾಗವೇನಲ್ಲ. ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು, ಕಾಲಿಗೆ ಸುಣ್ಣ, ತಲೆಗೊಂದು ಪ್ಲಾಸ್ಟಿಕ್ ಟೋಪಿ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ ಸಾಕಿ ರೈತರಿಗೆ ಕೊಡುವ ಕನಕಪುರದ ಒಂದು ಕೇಂದ್ರದಲ್ಲಿ ಪ್ರತಿಮಾ ಸೂಪರ್‌ವೈಸರ್. ಆ ಟೋಪಿಯಲ್ಲೂ ಅವಳು ಚೆಂದ ಕಾಣುತ್ತಾಳೆಂದು ದೊಡ್ಡಆಲಹಳ್ಳಿಯ ಮಹೇಂದ್ರ ಆಣೆಯಿಟ್ಟು ಹೇಳುತ್ತಾನೆ. ಅವನ ಮಾತನ್ನು ಎಷ್ಟು ನಂಬಬೇಕೋ ನೀವೇ ನೋಡಿ.

ಮೊದಲ ದಿನವೇ ಅವನು ಹುಳುವಿನ ತಟ್ಟೆಯ ಮೇಲೆ ಬಗ್ಗಿ, "ಮೇಡಂ, ಇವ್ಯಾಕೆ ಅಲ್ಲಾಡ್ತಾನೇ ಇಲ್ಲ? ಸತ್ತೋಗವಾ?" ಎಂದು ಕೇಳಿದ್ದ.

"ಸತ್ತಿಲ್ಲ ಕಣ್ರೀ, ಜ್ವರಕ್ಕೆ ಕೂತವೆ. ಪೊರೆ ಬಿಡೋವರೆಗೂ ಸೊಪ್ಪು ಮುಟ್ಟಲ್ಲ, ಹಿಂಗೇ ತಲೆ ಎತ್ಕೊಂಡು ಕೂತಿರ್ತವೆ."

ಆಮೇಲೆ ಸೊಪ್ಪು ಯಾವಾಗ ಹಾಕಬೇಕು, ಗಾಳಿ ಎಷ್ಟು ಬಿಡಬೇಕು ಎಂದೆಲ್ಲ ಅವಳು ಬಿಡಿಸಿ ಹೇಳಿದಳು. ಅವನು ಹುಳು ನೋಡುವುದು ಬಿಟ್ಟು ಅವಳ ಮುಖ ನೋಡುತ್ತ, ಶಾಲೆ ಹುಡುಗನ ಹಾಗೆ ತಲೆಯಾಡಿಸಿದ. ಹಿಂದೆ ಸರತಿಯಲ್ಲಿ ನಿಂತಿದ್ದ ಮುನಿಶಾಮಯ್ಯ ಎಂಬ ರೈತರು ತಡೆಯಲಾರದೆ ನಕ್ಕುಬಿಟ್ಟರು. "ಅವ್ರಪ್ಪನ ಕಾಲದಿಂದ ಹುಳ ಸಾಕ್ತಾವ್ನೆ ಕಣವ್ವ ಅವ್ನು!"

"ಗೊತ್ತಿದ್ದೂ ಕೇಳಿದ್ರಾ?" ಎಂದಳು ಪ್ರತಿಮಾ.

"ಗೊತ್ತಿಲ್ದೋರ್ಗೆ ನೀವು ಎಂಗೆ ಹೇಳ್ಕೊಡ್ತೀರ ಅಂತ ನೋಡನ ಅಂತ ಕೇಳ್ದೆ. ಒಸಿನೂ ಸಿಟ್ಟು ಬರಲ್ವಾ ನಿಮ್ಗೆ?"

"ಬರಲ್ಲ," ಎಂದು ಅವಳು ಕಣ್ಣು ತಗ್ಗಿಸಿದಳು. ತಗ್ಗಿಸಿದ್ದನ್ನು ಅವನು ನಾಚಿಕೆ ಎಂದುಕೊಂಡ.

ನಾಚಿಕೆಯಲ್ಲ. ಸುಳ್ಳು ಹೇಳುವಾಗ ಅವಳಿಗೆ ಎದುರಿಗಿದ್ದವರ ಮುಖ ನೋಡಲಾಗುವುದಿಲ್ಲ. ಎರಡನೇ ಕ್ಲಾಸಿನಲ್ಲಿ ಈ ಪ್ರತಿಮಾ ಟೀಚರ ಕೈ ಕಚ್ಚಿದವಳು, ಪಕ್ಕದ ಹುಡುಗಿಯ ಜುಟ್ಟು ಹಿಡಿದು ಬೆಂಚಿನಿಂದ ಎಳೆದವಳು, ಮೇಲಿಂದ ಮೇಲೆ ಶಾಲೆಯಿಂದ ಓಡಿಹೋದವಳು. ಗುಡೇಮಾರನಹಳ್ಳಿಯಲ್ಲಿ ಅವಳ ಅಪ್ಪ ಬೋರಲಿಂಗಯ್ಯ ತಲೆ ಎತ್ತಿ ಓಡಾಡದ ಹಾಗೆ ಮಾಡಿದ್ದಳು. ಅಮ್ಮ ಅವಳನ್ನು ಬಸ್ಸಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಂದ ಶುರುವಾದ ಮಾತ್ರೆ ನಿಂತಿದ್ದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಯಾರಾದರೂ ಕೇಳಿದರೆ ಅಮ್ಮ, "ಹಲ್ಲು ತೋರ್ಸಕ್ಕೋಗಿದ್ವಿ" ಎನ್ನುತ್ತಿದ್ದಳು. ಹಾಗಾಗಿ ಪ್ರತಿಮಾಳ ಹಲ್ಲು ಸರಿಯಿಲ್ಲವೆಂದು ನೆಂಟರು ಇವತ್ತಿಗೂ ನಂಬಿದ್ದಾರೆ.

ಮಹೇಂದ್ರ ಪ್ರತಿ ಬೆಳೆಗೂ ಬಂದ. ಬೆಳೆಯಿಲ್ಲದಾಗಲೂ ಬಂದ. ಸೀಬೆಹಣ್ಣು ತಂದು ಕಿಟಕಿಯ ಮೇಲಿಟ್ಟು, ಯಾರೋ ಇಟ್ಟುಹೋದಂತೆ ಆಕಾಶ ನೋಡುತ್ತ ನಿಲ್ಲುತ್ತಿದ್ದ. ಅವಳು ನೋಡಿಯೂ ನೋಡದ ಹಾಗೆ ಸೊಪ್ಪು ಹೆಚ್ಚುತ್ತಿದ್ದಳು. ತುಟಿಯಂಚಿನ ನಗುವನ್ನು ಮಾತ್ರ ಅಡಗಿಸಿಡಲು ಆಗುತ್ತಿರಲಿಲ್ಲ. "ನಿನ್ನ ತಾಳ್ಮೆ ನೋಡೇ ನಾನು ಬಿದ್ದೋದದ್ದು ಕಣೆ," ಎಂದು ಅವನು ಹೇಳಿದಾಗಲೆಲ್ಲ ಅವಳಿಗೆ ಸುಖವಾಗುತ್ತಿತ್ತು, ಬೆನ್ನಿಗೇ ಸಂಕಟ. ಆ ತಾಳ್ಮೆ ತನ್ನದೋ ಮಾತ್ರೆಯದೋ ಅವಳಿಗೇ ಗೊತ್ತಿರಲಿಲ್ಲ.

ಎರಡೂ ಮನೆಗಳಲ್ಲಿ ಮಾತುಕತೆಯಾಯಿತು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ಹೆಣ್ಣು ಹೋಗುವ ರೂಢಿಯಿಲ್ಲ. ಪ್ರತಿಮಾ ಮಾತ್ರ, ಹುಳುಮನೆ ನೋಡಲೇಬೇಕೆಂದು ಅಪ್ಪ ಅಮ್ಮನ ಜೊತೆ ಹೊರಟಳು. ದೊಡ್ಡಆಲಹಳ್ಳಿಯ ಆ ಮನೆಯ ನಡುಮನೆಯಲ್ಲಿ ಕಾಫಿ ಬಂತು. ಮಹೇಂದ್ರನ ತಾಯಿ ಅಂಕಮ್ಮ ಕೇಳಿದರು:

"ಹುಡ್ಗಿ ಆರೋಗ್ಯ ಎಲ್ಲ ಚೆನ್ನಾಗೈತಲ್ವಾ?"

"ಅಯ್ಯೋ, ಹುಟ್ಟಿದಾಗಿಂದ ಒಂದು ಮಾತ್ರೆ ನುಂಗ್ದೋಳಲ್ಲ," ಎಂದಳು ಪ್ರತಿಮಾಳ ಅಮ್ಮ.

ಆಗಲೇ ಹಿಂದಿನ ಸೊಪ್ಪಿನ ಕೋಣೆಯಿಂದ ದಬದಬ ಸದ್ದು ಕೇಳಿಸಿತು. ಅಂಕಮ್ಮ ಕೈಯ ತಟ್ಟೆ ಕೆಳಗಿಟ್ಟರು. "ಹಸೀನ ಕರ ಕಟ್ಟಾಕಿವ್ನಿ. ಒದೀತದೆ."

"ಕರ ಜೋರಾಗೈತೆ," ಎಂದು ಬೋರಲಿಂಗಯ್ಯ ನಕ್ಕರು.

ಪ್ರತಿಮಾ ಆ ಸದ್ದಿಗೆ ಕಿವಿಗೊಟ್ಟಳು. ಮೊದಲು ಅಂಗೈ, ಆಮೇಲೆ ಮುಷ್ಟಿ, ಕೊನೆಗೆ ಹಣೆ. ಚಿಕ್ಕಂದಿನಲ್ಲಿ ಕೂಡಿಹಾಕಿದಾಗ ಅವಳೂ ಬಾಗಿಲನ್ನು ಹಾಗೆಯೇ ಬಡಿದವಳು. ಒಳಗಿರುವುದು ಮಗು. ಅವಳು ಮಹೇಂದ್ರನ ಕಡೆ ನೋಡಿದಳು. ಅವನು ಲೋಟದೊಳಗೆ ಕಣ್ಣು ನೆಟ್ಟು ಕೂತಿದ್ದ. ಎದ್ದು ಹೋಗಿ ಚಿಲಕ ತೆಗೆಯಬೇಕೆನ್ನಿಸಿತು. ತೆಗೆದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಅವಳು ಕೂತಲ್ಲೇ ಕೂತು ಕಾಫಿ ಕುಡಿದಳು.

ವಾಪಸ್ಸು ಬರುವಾಗ ಅಮ್ಮ, "ಒಳ್ಳೇ ಜನ, ಏನೂ ಮುಚ್ಚುಮರೆ ಇಲ್ಲ," ಎಂದು ದಾರಿಯುದ್ದಕ್ಕೂ ಹೇಳಿದಳು.

ಮುಂದಿನ ವಾರ ಮಹೇಂದ್ರ ಕೇಂದ್ರಕ್ಕೆ ಬಂದಾಗ ಪ್ರತಿಮಾ ಅವನನ್ನು ಹಿಪ್ಪುನೇರಳೆ ತೋಟದ ಬದುವಿಗೆ ಕರೆದೊಯ್ದಳು.

"ನಿಮ್ಮನೇಲಿ ಕರ ಐತಾ?"

ಅವನ ಮುಖದ ನಗು ಇಳಿದುಹೋಯಿತು. "ಇಲ್ಲ. ಸಿಂಚನ ಅಂತ, ನಮ್ಮಕ್ಕನ ಮಗಳು. ಅಕ್ಕ ಗಾರ್ಮೆಂಟ್ಸ್‌ಗೆ ಹೋಯ್ತಾಳೆ, ಮಗು ನಮ್ಮತ್ರ. ಕಚ್ತಾಳೆ, ಒದೀತಾಳೆ. ಸ್ಕೂಲಿನೋರು ಟೀಸಿ ಕೊಟ್ಬುಟ್ರು. ಡಾಕ್ಟ್ರು ಮಾತ್ರೆ ಬರ್ಕೊಟ್ಟವ್ರೆ. ಹುಚ್ಚಿನ ಮಾತ್ರೆ ಅಂತ ಅವ್ವ ಕೊಡಕ್ಕೇ ಬುಡ್ತಿಲ್ಲ. ಅವತ್ತು ನೀವೆಲ್ಲ ಬತ್ತೀರ ಅಂತ ಕೂಡಾಕುದ್ರು. ನಾನೂ ಸುಮ್ಕಾದೆ. ನೀನು ನನ್ನ ಬ್ಯಾಡ ಅಂದ್ಬುಡ್ತೀಯ ಅಂತ ಭಯ ಆಯ್ತು ಕಣೆ."

'ಪರವಾಗಿಲ್ಲ ಬಿಡಿ' ಎಂದು ಅವಳು ಕೈ ಹಿಡಿದಿದ್ದರೆ ಸಾಕಿತ್ತು, ಅವನ ಪಾಲಿಗೆ ದೇವತೆಯೇ ಆಗಿಬಿಡುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಅಂಥ ಮಾತ್ರೆ ನಾನು ನುಂಗಿದೀನಿ," ಎಂದಳು. "ಎರಡನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿವರೆಗೂ. ನಮ್ಮಮ್ಮ ಅವತ್ತು ಸುಳ್ಳು ಹೇಳಿದ್ಲು. ನೀವು ತಾಳ್ಮೆ ತಾಳ್ಮೆ ಅಂತಿದ್ರಲ್ಲ, ನಾನೂ ಹೇಳದೆ ಕೇಳಿಸ್ಕೊಂಡಿದ್ದೆ."

ಮಹೇಂದ್ರ ಒಂದು ಎಲೆ ಕಿತ್ತು ಬೆರಳಲ್ಲಿ ಮಡಿಸಿದ. ಆಮೇಲೆ ಕೇಳಿದ್ದು ಅವಳು ಹೆದರಿದ್ದ ಪ್ರಶ್ನೆಯಲ್ಲ.

"ಬಾಗ್ಲು ಬಡೀತಿದ್ದಾಗ ನಿಂಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಗೊತ್ತಾಗೂ ಕಾಫಿ ಕುಡ್ದಾ?"

"ನೀವೂ ಕುಡಿದ್ರಿ."

"ನಾನು ಕುಡ್ದೆ. ಒಳಗಿರೋಳ್ಗೆ ಎಂಗಾಯ್ತದೆ ಅಂತ ನಂಗೊತ್ತಿರ್ಲಿಲ್ಲ. ನಿಂಗೊತ್ತಿತ್ತಲ್ಲೇ."

ಅವನು ಗಾಡಿ ಹತ್ತಿ ಹೊರಟುಹೋದ. ಆಮೇಲೆ ಫೋನೂ ಬರಲಿಲ್ಲ. ಅವನ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ, ಕೆಲಸ ಹೆಚ್ಚಿರುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅವನು ಹೋದದ್ದಕ್ಕೆ ಅತ್ತಳು ನಿಜ. ಆದರೆ 'ನಿಂಗೊತ್ತಿತ್ತಲ್ಲೇ' ಎಂಬ ಅವನ ಮಾತು ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಮದುವೆ ಮುರಿದರೂ ಆ ಮಗುವಿಗೆ ಮುಖ ತೋರಿಸದೆ ಇರಲಾರೆ ಎನ್ನಿಸಿ, ಭಾನುವಾರ ದೊಡ್ಡಆಲಹಳ್ಳಿಯ ಬಸ್ಸು ಹತ್ತಿದಳು.

ಜಗಲಿಯ ಮೇಲೆ ಹುಡುಗಿಯೊಬ್ಬಳು ಕಾಲು ಜಾಡಿಸುತ್ತ ಕೂತಿದ್ದಳು. ಹಣೆಯ ಗಾಯ ಇನ್ನೂ ಮಾಗಿರಲಿಲ್ಲ. ಅಂಕಮ್ಮ ಗಾಬರಿಯಿಂದ ಹೊರಬಂದು, "ಇದು ಪಕ್ಕದ್ಮನೆ ಮಗು ಕಣವ್ವ," ಎಂದರು.

"ಸಿಂಚನ ಅಂತ ಗೊತ್ತು, ಅತ್ತೆ."

ಪ್ರತಿಮಾ ಜಗಲಿಯ ಮೇಲೇ ಕೂತು ಎಲ್ಲವನ್ನೂ ಹೇಳಿದಳು. ಕಚ್ಚಿದ್ದು, ಓಡಿದ್ದು, ಬೆಂಗಳೂರಿನ ಬಸ್ಸು, ಹಲ್ಲಿನ ಸುಳ್ಳು. ಅಂಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದರು.

"ಮಾತ್ರೆ ನುಂಗುದ್ರೆ ಮಗು ಮಂಕಾಯ್ತದಂತಲ್ಲವ್ವ?"

"ನಾನೂ ಮಂಕಾಗಿದ್ದೆ. ಜ್ವರಕ್ಕೆ ಕೂತ ಹುಳ ಥರ ಅವಳೆ ಅಂತ ನಮ್ಮಜ್ಜಿ ಅಳ್ತಿತ್ತು. ಊಟ ಸೇರ್ತಿರ್ಲಿಲ್ಲ, ಬಾಯಿ ಒಣಗ್ತಿತ್ತು. ನಮ್ಮಮ್ಮ ಡಾಕ್ಟ್ರಿಗೆ ಹೇಳಿದ್ಮೇಲೆ ಕಮ್ಮಿ ಮಾಡಿದ್ರು." ಪ್ರತಿಮಾ ತಡೆದಳು. ಚೆಂದ ಮಾಡಿ ಹೇಳುವುದು ಅವಳಿಗೆ ಬೇಕಿರಲಿಲ್ಲ. "ಆದ್ರೆ ಅತ್ತೆ, ಅದಾದ್ಮೇಲೇ ನಂಗೆ ಓದೋಕೆ ಬಂದಿದ್ದು. ಪಕ್ಕದ ಹುಡುಗಿ ಊಟದ ಡಬ್ಬಿ ತಗೊಂಡು ನನ್ನತ್ರ ಬಂದು ಕೂತಿದ್ದು. ಸಿಂಚನಂಗೆ ಏನು ಬೇಕೋ ನಂಗೊತ್ತಿಲ್ಲ, ಡಾಕ್ಟ್ರನ್ನ ಕೇಳಿ. ಬಾಗ್ಲು ಹಾಕೋದಂತೂ ಔಷಧಿ ಅಲ್ಲ."

ಆಮೇಲೆ ಹುಡುಗಿಯ ಕಡೆ ತಿರುಗಿದಳು. "ಅವತ್ತು ನೀನು ಬಾಗ್ಲು ಬಡೀತಿದ್ದಾಗ ನಾನು ನಡುಮನೇಲೇ ಕೂತಿದ್ದೆ. ಕೇಳಿಸ್ತಿತ್ತು. ಬಂದು ತೆಗೀಲಿಲ್ಲ. ತಪ್ಪಾಯ್ತು."

ಸಿಂಚನ ಕಾಲು ಜಾಡಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಆಮೇಲೆ ಅಂಕಮ್ಮನನ್ನು ಕೇಳಿದಳು:

"ಅಜ್ಜಿ, ಮಾವನ ಮದ್ವೆ ದಿನಾನೂ ನನ್ನ ಕೂಡಾಕ್ತೀಯಾ?"

ಅಂಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಷ್ಟರಲ್ಲಿ ಅಂಗಳದಲ್ಲಿ ಸೊಪ್ಪಿನ ಹೊರೆ ಧೊಪ್ಪನೆ ಬಿತ್ತು. ಮಹೇಂದ್ರ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ. ಅವನ ಕಣ್ಣು ಕೆಂಪಾಗಿತ್ತು.

ಪ್ರತಿಮಾ ಅವನತ್ತ ನೋಡದೆಯೇ ಹೇಳಿದಳು: "ನಂಗೆ ತಂಗಿ ಇಲ್ಲ ಸಿಂಚನ. ಮದುವೆ ಹೆಣ್ಣಿನ ಪಕ್ಕ ಕಳಸ ಹಿಡ್ಕೊಂಡು ಒಬ್ಬಳು ಹುಡುಗಿ ನಿಲ್ಬೇಕು, ಕಳಸಗಿತ್ತಿ ಅಂತಾರೆ. ನೀನು ನಿಲ್ತೀಯಾ? ಮದುವೆ ಐತೋ ಇಲ್ವೋ, ಅದನ್ನ ನಿಮ್ಮ ಮಾವನ್ನೇ ಕೇಳು."

"ಐತಾ ಮಾವ?"

ಮಹೇಂದ್ರ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ. "ನೀನು ಕಳಸ ಹಿಡಿಯಂಗಿದ್ರೆ ಐತೆ."

"ಇವಳ ಕೈಗಾ?" ಅಂಕಮ್ಮ ಸೆರಗು ಸರಿಸಿದರು. "ಎಲ್ಲರ ಮುಂದೆ ಎತ್ತಾಕ್ಬುಡ್ತಾಳೆ ಕಣ್ಲಾ!"

"ಎತ್ತಾಕುದ್ರೆ ಎತ್ತಾಕ್ಲಿ ಬುಡವ್ವ. ಮತ್ತೆ ತುಂಬ್ಸನ."

ಸಿಂಚನ ಒಳಗೆ ಓಡಿದಳು. ಅಂಕಮ್ಮ ಅವಳ ಹಿಂದೆ ಹೋದರು. ಜಗಲಿಯಲ್ಲಿ ಇಬ್ಬರೇ ಉಳಿದರು. ಮಹೇಂದ್ರ ಹತ್ತಿರ ಬಂದು ಕೂತ. ಅವನ ಅಂಗಿಗೆ ಹಸಿ ಸೊಪ್ಪಿನ ವಾಸನೆಯಿತ್ತು.

"ನಿನ್ ಮ್ಯಾಲೆ ನಂಗಿನ್ನೂ ಸಿಟ್ಟು ಹೋಗಿಲ್ಲ."

"ನಂಗೂ ನನ್ನ ಮೇಲೆ ಹೋಗಿಲ್ಲ."

"ನನ್ ಮ್ಯಾಲೆ ನಂಗೂ ಅಷ್ಟೇ." ಅವನು ಅವಳ ಕಿರುಬೆರಳನ್ನು ತನ್ನ ಬೆರಳಿಂದ ಮೆಲ್ಲಗೆ ಮುಟ್ಟಿದ. "ಸಿಟ್ಟು ಇಟ್ಕೊಂಡೇ ಮದ್ವೆ ಆಗನ ಬಾ."

ಅವಳು ಅಳುತ್ತಲೇ ನಕ್ಕಳು. ಗುಟ್ಟು ಬಿಟ್ಟುಕೊಟ್ಟೆನೆಂದು ಅಮ್ಮನಿಗೆ ಇನ್ನೂ ಹೇಳಬೇಕಿತ್ತು. ಅಮ್ಮ ಕುಸಿದುಹೋಗುತ್ತಾಳೆಂದೂ ಗೊತ್ತಿತ್ತು. ಅಷ್ಟರಲ್ಲಿ ಸಿಂಚನ ತುಂಬಿದ ಚೊಂಬನ್ನು ಕಳಸದ ಹಾಗೆ ಎದೆಗವುಚಿಕೊಂಡು, ತುಟಿ ಕಚ್ಚಿ, ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಹೊರಗೆ ಬಂದಳು. ಬರುವಷ್ಟರಲ್ಲಿ ಅರ್ಧ ನೀರು ನಡುಮನೆಯ ತುಂಬ ಚೆಲ್ಲಿತ್ತು. ಯಾರೂ ಗದರಲಿಲ್ಲ.