ಕ್ಲೀನ್ ಮಗ್‌ನ ಮುಳ್ಳು

"ನೀನೇ ಹಾಲಿಗೆ ಬೆರಳು ಅದ್ದಿರೋದು," ಅಂದಳು ಧೃತಿ.

"ನಾನಲ್ಲ ಲಾ. ನಾನು ಸ್ಕೂಲಲ್ಲಿದ್ದೆ," ಅಂದ ತಮ್ಮ ವಿಭವ್, ಇಲ್ಲಿನ ಸ್ಕೂಲಿನ ಗೆಳೆಯರ ಹಾಗೆ 'ಲಾ' ಸೇರಿಸಿ.

ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಮಗ್ ಇದ್ದವು. ಎರಡರಲ್ಲೂ ಬೆಳಿಗ್ಗೆ ಕಾಯಿಸಿದ ಹಾಲು. ಒಂದಕ್ಕೆ ಧೃತಿ ಫ್ಲ್ಯಾಟಿನ ಕೆಳಗಿನ ಖಾಲಿ ಜಾಗ, ವಾಯ್ಡ್ ಡೆಕ್, ಅದರ ಪಕ್ಕದ ಹೂಕುಂಡದಿಂದ ಒಂದು ಹನಿ ನೀರು ಹಾಕಿದ್ದಳು. ಅದರ ಚೀಟಿ 'ಡರ್ಟಿ', ಇನ್ನೊಂದರದ್ದು 'ಕ್ಲೀನ್', ಎರಡೂ ಇಂಗ್ಲಿಷಿನಲ್ಲಿ. ಮುಚ್ಚಳ ತೆಗೆಯಬಾರದು ಅನ್ನುವುದು ಅವಳದೇ ರೂಲ್.

ಸೂಕ್ಷ್ಮಜೀವಿಗಳು ಬೆಳೆದ ಹಾಗೆ ಹಾಲಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಅಮ್ಮನ ಫ್ಯಾಕ್ಟರಿ ಲ್ಯಾಬಿನ ಮೆಷಿನ್ ಅದನ್ನೇ ಅಳೆಯುತ್ತದೆ. ಅಪ್ಪ ಬ್ಯಾಟರಿ, ವೈರು, ಮೀಟರಿನ ಮುಳ್ಳುಗಳನ್ನು ಸೇರಿಸಿ ಮನೆಗೊಂದು ಪುಟ್ಟ ಮೆಷಿನ್ ಮಾಡಿಕೊಟ್ಟಿದ್ದರು. ಕ್ಲೀನ್ ಮಗ್‌ನ ಮುಳ್ಳು ಅಲ್ಲಾಡುವುದೇ ಇಲ್ಲ, ಬೇಕಾದ್ರೆ ನೋಡಿ ಎಂದು ಧೃತಿ ಕ್ಲಾಸಿಗೆಲ್ಲ ಜಂಬ ಕೊಚ್ಚಿದ್ದಳು. ನಾಳೆ ಅದನ್ನು ತೋರಿಸಬೇಕು.

ಈಗ ಅಲ್ಲಾಡಿದ್ದು ಕ್ಲೀನ್ ಮಗ್‌ನ ಮುಳ್ಳೇ. ಡರ್ಟಿಗಿಂತ ಜಾಸ್ತಿ.

ಅಮ್ಮ ಪೇಜರ್ ಮೇಜಿನ ಮೇಲಿಟ್ಟು ಬಂದು ನೋಡಿದಳು. "ಏನೋ ಒಳಗೆ ಹೋಗಿದೆ," ಅಂದಳು.

"ಅದು ನನಗೂ ಗೊತ್ತಮ್ಮ," ಅಂದಳು ಧೃತಿ. ಅವಳಿಗೆ ಅಳು ಬರುವ ಹಾಗಿತ್ತು.

ಮೈಸೂರಿನಿಂದ ಬಂದು ಒಂದು ತಿಂಗಳಾಗಿದ್ದ ಅಜ್ಜಿ ಹಾಲ್‌ನಿಂದ ಎದ್ದು ಬಂದರು. ಯಾರೂ ಬೇಡ ಅನ್ನುವ ಮೊದಲೇ ಮುಚ್ಚಳ ತೆಗೆದು ಮಗ್ಗನ್ನು ಓರೆ ಮಾಡಿದರು. ಒಳಗಿದ್ದದ್ದು ಚೆಲ್ಲಲಿಲ್ಲ.

"ಗಟ್ಟಿಯಾಗಿದೆ," ಅಂದರು. "ಬೆಚ್ಚಗಿನ ಹಾಲು ಮುಚ್ಚಿಟ್ಟು ಹೋಗಿದ್ರಿ. ಹೆಪ್ಪು ಹಾಕೋದು ಮರೆತಿರಬೇಕು ಅಂತ ಹಾಕಿದೆ. ಆ ಇನ್ನೊಂದು ಯಾಕೋ ವಾಸನೆ, ಮುಟ್ಟಲಿಲ್ಲ."

"ವೈರ್ ಇತ್ತಲ್ಲ ಅಜ್ಜಿ," ಅಂದ ವಿಭವ್.

"ಯಾಕಿದೆ ಅಂತ ಕೇಳೋಣ ಅಂದ್ರೆ, ಮನೇಲಿ ಯಾರಿದ್ರು?"

ಬೆಳಿಗ್ಗೆಯಿಂದ ಮನೆಯಲ್ಲಿ ಇದ್ದವರು ಅಜ್ಜಿ ಒಬ್ಬರೇ. ಧೃತಿ ಎಲ್ಲರನ್ನೂ ಕೇಳಿದ್ದಳು, ಅವರೊಬ್ಬರನ್ನು ಬಿಟ್ಟು.

"ತಪ್ಪಾಯ್ತಾ ಪುಟ್ಟಿ?" ಅಂದರು ಅಜ್ಜಿ.

ಧೃತಿ 'ಕ್ಲೀನ್' ಚೀಟಿ ಕಿತ್ತಳು. "ಎಷ್ಟು ಹಾಕಿದೆ ಅಜ್ಜಿ?"

"ಉಗುರಿನ ತುದಿಯಷ್ಟು."

ಧೃತಿ ಅದೇ ಮಗ್‌ಗೆ ಹೊಸ ಚೀಟಿ ಬರೆದಳು, ಈ ಸಲ ಕನ್ನಡದಲ್ಲಿ. ಒತ್ತಕ್ಷರಕ್ಕೆ ಅಮ್ಮನ ಸಹಾಯ ಬೇಕಾಯಿತು. 'ಅಜ್ಜಿಯ ಹೆಪ್ಪು.' ಅಮ್ಮ ಬೇರೆ ಹಾಲು ಕಾಯಿಸಿದಳು. ಧೃತಿ ಅದನ್ನು ಮೂರನೇ ಮಗ್‌ಗೆ ಹಾಕಿ, ವೈರ್ ಇಳಿಸಿ, ಮುಚ್ಚಿದಳು.

"ಇದಕ್ಕೆ ಯಾರೂ ಏನೂ ಹಾಕಬಾರದು ಅಜ್ಜಿ. ಈ ಮುಳ್ಳು ಅಲ್ಲಾಡಿದ್ರೆ ನನ್ನ ಕರಿ. ನೀನೇ ನೋಡ್ಕೋಬೇಕು."

ಅಜ್ಜಿ ಕುರ್ಚಿ ಎಳೆದುಕೊಂಡು ಮಗ್‌ನ ಎದುರು ಕೂತರು. ಕನ್ನಡಕ ಒರೆಸಿ ಹಾಕಿಕೊಂಡರು.

"ವಿಭವ್," ಅಂದರು, "ಕೈ ಹಿಂದಕ್ಕೆ ತಗೋ."