ಇದ್ದಿಲು ಹೊಗದ ಕೋಣೆ

ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಅನಂತೇಶ ದೀಕ್ಷಿತಾಳನ್ನು ಕಾಯುತ್ತಿರಲಿಲ್ಲ. ಚಹಾ ಕುಡಿಯಲಿಕ್ಕೆ ನಿಂತಿದ್ದ, ಅಷ್ಟೇ. ಚಹಾ ಮುಗಿದು ಬಹಳ ಹೊತ್ತಾಗಿತ್ತು ಎಂಬುದು ಬೇರೆ ಮಾತು.

ಕಾರ್ಕಳದ ಬಸ್ಸು ಬಂತು. ಅದರಿಂದ ಅವಳು ಇಳಿಯಲಿಲ್ಲ. ಬಸ್ಸಿನ ಹಿಂದೆಯೇ ಪರ್ಕಳದ ಕಡೆಯಿಂದ ಬಂದ ಕೆಂಪು ಬೈಕಿನಿಂದ ಇಳಿದಳು. ತೋಳಿನಲ್ಲಿ ಮಗುವಿನಂತೆ ಅವಚಿಕೊಂಡ ಸ್ಟೀಲ್ ಡಬ್ಬಿ. ಬೈಕಿನವನು ಹೆಲ್ಮೆಟ್ ತೆಗೆದು ಏನೋ ಹೇಳಿದ. ಅವಳು ನಕ್ಕಳು.

ಆ ನಗುವನ್ನು ಅನಂತೇಶ ಬಲ್ಲ. ಮೊದಲು ಕಣ್ಣಿನ ಅಂಚು ಕಿರಿದಾಗುತ್ತದೆ, ಆಮೇಲೆ ಎಡಗೆನ್ನೆಯಲ್ಲಿ ಸಣ್ಣದೊಂದು ಕುಳಿ ಮೂಡುತ್ತದೆ, ಎಲ್ಲಕ್ಕೂ ಕೊನೆಗೆ ಸದ್ದು. ಅಷ್ಟು ನಿಧಾನವಾಗಿ ಬರುವ ನಗು ಅದು. ಲ್ಯಾಬಿನೊಳಗೆ ತನ್ನೊಬ್ಬನಿಗೇ ಸಿಗುತ್ತದೆ ಎಂದು ಅವನು ನಂಬಿಕೊಂಡಿದ್ದ.

ಎದೆಯೊಳಗೆ ಎಲ್ಲೋ ಉಮಿಗೆ ಬೆಂಕಿ ತಾಗಿದ ಹಾಗಾಯಿತು. ಉಮಿಯ ಬೆಂಕಿಗೆ ಜ್ವಾಲೆ ಇಲ್ಲ. ಹೊರಗಿನಿಂದ ನೋಡಿದವರಿಗೆ ಅದು ಬೂದಿಯ ರಾಶಿ, ಕೈ ಇಟ್ಟವನಿಗೆ ಮಾತ್ರ ಗೊತ್ತು.

*

ಅನಂತೇಶ, ದೀಕ್ಷಿತಾ ಇಬ್ಬರೂ ಮಣಿಪಾಲದ ಒಂದು ಲ್ಯಾಬಿನಲ್ಲಿ, ಪ್ರಿಯಂವದಾ ಮೇಡಂ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದರು. ಕಟ್ಟುತ್ತಿದ್ದದ್ದು ಗಾಳಿಯನ್ನು ಉಸಿರಾಡುವ ಬ್ಯಾಟರಿ. ಒಂದು ಕಡೆ ಸತು, ನಡುವೆ ಕ್ಷಾರದ ನೀರು, ಇನ್ನೊಂದು ಕಡೆ ಗಾಳಿಯ ಆಮ್ಲಜನಕವನ್ನು ಒಳಗೆಳೆದುಕೊಳ್ಳುವ ತೆಳ್ಳನೆಯ ಎಲೆಕ್ಟ್ರೋಡ್. ಸಾಮಾನ್ಯವಾಗಿ ಅದನ್ನು ಕಾರ್ಬನ್ನಿನಿಂದ, ಅಂದರೆ ನುಣ್ಣಗಿನ ಇದ್ದಿಲ ಪುಡಿಯಂಥದರಿಂದ ಮಾಡುತ್ತಾರೆ. ಆದರೆ ಮರಳಿ ಚಾರ್ಜ್ ಮಾಡುವಾಗ ಹುಟ್ಟುವ ಆಮ್ಲಜನಕ ಆ ಕಾರ್ಬನ್ನನ್ನೇ ತಿಂದುಬಿಡುತ್ತದೆ. ಎಲೆಕ್ಟ್ರೋಡ್ ತೂತಾಗಿ ಕ್ಷಾರ ಜಿನುಗುತ್ತದೆ. ಹಾಗಾಗಿ ಮೇಡಂ ಕಾರ್ಬನ್ನೇ ಇಲ್ಲದ ಎಲೆಕ್ಟ್ರೋಡ್ ಮಾಡಲು ಹೊರಟಿದ್ದರು: ನಿಕಲ್ ಜಾಲರಿಯ ಮೇಲೆ ನಿಕಲ್ ಮತ್ತು ಬೆಳ್ಳಿಯ ಪುಡಿ ಹರಡಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದ್ದು.

ಅನಂತೇಶ ಇನ್ನಂಜೆಯ ಅರ್ಚಕರ ಮಗ. ಮಡಿ ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪ್ರೆಸ್ಸಿನ ಕೋಣೆಗೆ ಅವನೇ ಕಾನೂನು ಮಾಡಿದ. ಪೆನ್ಸಿಲ್ ಒಳಗೆ ಬರಕೂಡದು. ಗ್ರೀಸ್ ಮುಟ್ಟಿದ ಕೈ ಬರಕೂಡದು. ಫ್ಯಾನ್ ಹಾಕಿದರೆ ಪುಡಿ ಹಾರುತ್ತದೆ, ಅದೂ ಬೇಡ. ದೀಕ್ಷಿತಾ ಲ್ಯಾಬಿಗೆ ಸೇರಿದ ದಿನ ಬಾಗಿಲಲ್ಲೇ ಅವಳನ್ನು ತಡೆದಿದ್ದ.

"ಕಣ್ಣಿಗೆ ಹಚ್ಚಿದ್ದು ಎಂತ?"

"ಕಾಡಿಗೆ. ಅಜ್ಜಿ ಮನೆಯಲ್ಲೇ ಮಾಡುವುದು, ಹರಳೆಣ್ಣೆ ದೀಪದ ಮಸಿಯಿಂದ."

"ಮಸಿ ಅಂದರೆ ಕಾರ್ಬನ್. ತೊಳೆದು ಬನ್ನಿ."

ಅವಳು ಹೋಗಿ ತೊಳೆದು ಬಂದಳು. ತೊಳೆದ ಕಣ್ಣುಗಳು ಕೆಂಪಾಗಿ, ರೆಪ್ಪೆಯಲ್ಲಿ ನೀರು ನಿಂತಿತ್ತು. ಆಮೇಲೆ ಒಂದು ದಿನವೂ ಅವಳು ಕಾಡಿಗೆ ಹಚ್ಚಿ ಬರಲಿಲ್ಲ. ಆ ಬರಿಗಣ್ಣುಗಳನ್ನು ನೋಡಿ ನೋಡಿಯೇ ಅನಂತೇಶ ಸೋತುಹೋದದ್ದು.

ಅವಳು ಕಾಪುವಿನ ಮೀನುಗಾರರ ಮನೆಯವಳು. ಅಪ್ಪ ಧರ್ಮಪಾಲರ ದೋಣಿಗೆ ಒಂದು ದೀಪ, ಆ ದೀಪಕ್ಕೆ ತಾನೇ ಕಟ್ಟಿದ ಬ್ಯಾಟರಿ, ಇಷ್ಟು ಅವಳ ಆಸೆ. ಅದನ್ನು ಅವನಿಗೆ ಹೇಳಿದ್ದು ಪ್ರೆಸ್ಸಿನ ಎದುರು. ಆ ಕೆಲಸಕ್ಕೆ ಇಬ್ಬರು ಬೇಕು. ಅವಳು ಪುಡಿ ಹರಡಿದರೆ, ಅವನು ಬಗ್ಗಿ ಒಂದು ಕಣ್ಣು ಮುಚ್ಚಿ, ಮಟ್ಟಸವಾಗಿದೆಯೇ ನೋಡಿ ಒತ್ತಬೇಕು. ಸೆಕೆಗೆ ಬೆವರು ಇಳಿಯುತ್ತಿತ್ತು. ತಲೆ ಎತ್ತಿದಾಗಲೆಲ್ಲ ಅವಳ ನೋಟ ತನ್ನ ಹಣೆಯ ಮೇಲೆ ನಿಂತಿರುವುದನ್ನು ಅವನು ಕಾಣುತ್ತಿದ್ದ. ಗೋಪಿಚಂದನದ ನಾಮ, ನಡುವೆ ಅಂಗಾರದ ಕಪ್ಪು ಗೆರೆ. ಅಲ್ಲೇ ಸ್ವಲ್ಪ ಹೊತ್ತು ನಿಂತು, ಏನೋ ಹೇಳಹೊರಟು, ಆ ಕಣ್ಣುಗಳು ಕೆಳಗಿಳಿಯುತ್ತಿದ್ದವು. ಅದು ಒಲವೆಂದೇ ಅವನು ತಿಳಿದ. ರಾತ್ರಿ ದೇವರಿಗೆ ಕೈ ಮುಗಿಯುವಾಗ ಒಂದು ನಿಮಿಷ ಹೆಚ್ಚಾಗಿಯೇ ನಿಂತ.

ಆದರೆ ಎಲೆಕ್ಟ್ರೋಡುಗಳು ಬದುಕುತ್ತಿರಲಿಲ್ಲ. ಇಷ್ಟು ಮಡಿ ಮಾಡಿದರೂ ಕೆಲವು ವಾರಗಳಲ್ಲಿ ತೂತು. ನಡುವೆ ಒಟ್ಟಿಗೆ ಒತ್ತಿದ ಒಂದು ಕಂತು ಮಾತ್ರ ಏಕೋ ಗಟ್ಟಿಯಾಗಿ ಉಳಿಯಿತು. ಅದಾದ ಮೇಲೆ ದೀಕ್ಷಿತಾ ಮೇಡಂ ಹತ್ತಿರ ಹೋಗಿ, ಕಾರ್ಕಳದಲ್ಲಿ ದೊಡ್ಡ ಪ್ರೆಸ್ ಇರುವ ವರ್ಕ್‌ಶಾಪ್ ಉಂಟು, ನನ್ನ ಎಲೆಕ್ಟ್ರೋಡುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ದು ಅಲ್ಲೇ ಒತ್ತುತ್ತೇನೆ ಎಂದಳು. ಅನಂತೇಶನ ಹತ್ತಿರ ಒಂದು ಮಾತೂ ಕೇಳಲಿಲ್ಲ.

ವರ್ಕ್‌ಶಾಪ್ ಆಶ್ಲಿ ಎಂಬವನದು. ಕೆಂಪು ಬೈಕೂ ಅವನದೇ.

*

ಹೊಟ್ಟೆಕಿಚ್ಚಿನವನಿಗೆ ಲೋಕವೆಲ್ಲ ಸಾಕ್ಷಿ ಹೇಳುತ್ತದೆ. ಅವಳು ಫೋನ್ ನೋಡಿ ಮುಗುಳ್ನಕ್ಕರೆ ಆಶ್ಲಿ. ಅವಳ ಊಟದ ಡಬ್ಬಿಯಲ್ಲಿ ಕಾರ್ಕಳದ ಗೇರುಬೀಜ ಸಿಕ್ಕಿದರೆ ಆಶ್ಲಿ. ಎಲ್ಲರೂ ಹಂಚಿ ತಿಂದರು, ಅನಂತೇಶ ಮಾತ್ರ ಏಕಾದಶಿ ಎಂದ. ಅದು ಏಕಾದಶಿಯಲ್ಲವೆಂದು ಅವಳಿಗೂ ಗೊತ್ತಿತ್ತು. ಅವನ ಪಾಲನ್ನು ಕಾಗದದಲ್ಲಿ ಕಟ್ಟಿ ಅವನ ಮೇಜಿನ ಮೇಲಿಟ್ಟು, ನಾಳೆ ಪಾರಣೆಗೆ ಆಗುತ್ತದೆ ಎಂದು ಹೇಳಿ ಹೋದಳು.

ಕೊನೆಗೆ ಅವನು ಮೇಡಂ ಹತ್ತಿರ ಹೋದ. ವರ್ಕ್‌ಶಾಪ್ ಎಂದರೆ ಗ್ರೀಸ್, ಗ್ರೀಸ್ ಎಂದರೆ ಕಾರ್ಬನ್, ಕಾರ್ಕಳದ್ದನ್ನು ನಿಲ್ಲಿಸಬೇಕು ಎಂದ. ಮೇಡಂ ಕನ್ನಡಕದ ಮೇಲಿಂದ ಅವನನ್ನು ನೋಡಿ, ಹೋಗಿ ಕಣ್ಣಾರೆ ನೋಡಿ ಬಾ, ಸಾಕ್ಷಿ ತಂದರೆ ನಿಲ್ಲಿಸುತ್ತೇನೆ ಎಂದರು. ಹಾಗೆ ನಿಲ್ಲಿಸಿದರೆ ಅವಳ ಅಷ್ಟು ತಿಂಗಳ ಕೆಲಸ ನೀರುಪಾಲು. ಅದು ಅವನಿಗೆ ತಿಳಿಯದ್ದಲ್ಲ. ತಿಳಿದೂ ಹೋದ.

ಆನೆಕೆರೆಯ ಹತ್ತಿರ ತಗಡಿನ ಮಾಡಿನ ವರ್ಕ್‌ಶಾಪ್. ಆಶ್ಲಿ ಎಣ್ಣೆ ಮೆತ್ತಿದ ಕೈ ಮೇಲೆತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ.

"ಬನ್ನಿ ಭಟ್ರೇ. ನೀವೂ ಹೊರಗೇ ಕೂತುಕೊಳ್ಳಿ. ಅವಳು ಒಳಗಿರುವಾಗ ನನಗೆ ನನ್ನ ವರ್ಕ್‌ಶಾಪಿಗೇ ಪ್ರವೇಶ ಇಲ್ಲ ಮಾರಾಯ್ರೇ."

ಅನಂತೇಶ ಕಿಟಕಿಯಿಂದ ನೋಡಿದ. ಪ್ರೆಸ್ಸಿನ ಸುತ್ತ ತೊಳೆದ ಬಿಳಿ ಬಟ್ಟೆ ಇಳಿಬಿಟ್ಟಿತ್ತು. ದೀಕ್ಷಿತಾ ತಲೆಗೆ ಬಟ್ಟೆ ಕಟ್ಟಿ, ಮಟ್ಟ ನೋಡಲು ಇನ್ನೊಬ್ಬರು ಬೇಡವಾಗುವಂತೆ ಎರಡು ಸ್ಟೀಲ್ ಹಲಗೆಗಳ ನಡುವೆ ಎಲೆಕ್ಟ್ರೋಡ್ ಇಟ್ಟು, ಉಸಿರು ಬಿಗಿಹಿಡಿದು ಒತ್ತುತ್ತಿದ್ದಳು. ಅಪ್ಪ ಗರ್ಭಗುಡಿಯಲ್ಲಿ ನೈವೇದ್ಯದ ಪಾತ್ರೆ ಇಳಿಸುವಾಗ ಹೀಗೆಯೇ ಉಸಿರು ಹಿಡಿಯುತ್ತಾರೆ ಎಂದು ಅವನಿಗೆ ನೆನಪಾಯಿತು. ನೆನಪಾದದ್ದಕ್ಕೆ ಸಿಟ್ಟೂ ಬಂತು.

ಹೊರಬಂದವಳ ಹತ್ತಿರ, ಒಂದು ಎಲೆಕ್ಟ್ರೋಡ್ ಪರೀಕ್ಷೆಗೆ ಬೇಕು ಎಂದ. ಅವಳು ಅವನನ್ನು ನೋಡಿದಳು. ಕಣ್ಣು ಮತ್ತೆ ಅವನ ಹಣೆಗೆ ಹೋಗಿ, ಮತ್ತೆ ಕೆಳಗಿಳಿಯಿತು.

"ಕೊಡುತ್ತೇನೆ. ಆದರೆ ನೀವು ಒತ್ತಿದ್ದನ್ನೂ ಪಕ್ಕದಲ್ಲಿಟ್ಟು ನೋಡಿ. ನ್ಯಾಯ ಅಲ್ವಾ?"

*

ಲೇಸರ್ ಬೆಳಕು ಬಿಟ್ಟು ವಸ್ತುವಿನ ಗುಟ್ಟು ಕೇಳುವ ಯಂತ್ರವೊಂದು ಲ್ಯಾಬಿನಲ್ಲಿದೆ. ಇದ್ದಿಲಿದ್ದರೆ ಪರದೆಯ ಮೇಲೆ ಅಕ್ಕಪಕ್ಕ ಎರಡು ಗುಡ್ಡ ಏಳುತ್ತವೆ.

ಕಾರ್ಕಳದ್ದನ್ನು ಇಟ್ಟ. ಗುಡ್ಡಗಳಿಲ್ಲ. ಜಾಗ ಬದಲಿಸಿದ. ಇಲ್ಲ. ತನ್ನದನ್ನು ಇಟ್ಟ. ಒಂದು ಕಡೆ ಏನೂ ಕಾಣಲಿಲ್ಲ. ಸ್ವಲ್ಪ ಸರಿಸಿದಾಗ ಎರಡು ಗುಡ್ಡಗಳು ಎದ್ದು ನಿಂತವು.

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಆ ಕೋಣೆಯೊಳಗೆ ಇದ್ದಿಲು ಹೊಗುವುದು ಹೇಗೆ? ಬಾಗಿಲು ಕಾದವನು ತಾನೇ.

ದೀಕ್ಷಿತಾ ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಅವಳು ಮೇಜಿನ ಮೇಲಿದ್ದ ನಿಕಲ್ ಹಾಳೆಯನ್ನು ಎತ್ತಿ ಕನ್ನಡಿಯಂತೆ ಅವನ ಮುಖದೆದುರು ಹಿಡಿದಳು. ಹೊಳೆಯುವ ಲೋಹದಲ್ಲಿ ಅವನದೇ ಮುಖ. ನಾಮದ ನಡುವೆ ಬೆವರಿಗೆ ಕರಗಿ ಹುಬ್ಬಿನವರೆಗೆ ಹರಿದ ಕಪ್ಪು ಗೆರೆ.

ಅಂಗಾರ. ದೇವರಿಗೆ ಧೂಪ ಹಾಕಿದ ಕೆಂಡ ಆರಿದ ಮೇಲೆ ತೇದು ಹಚ್ಚಿಕೊಳ್ಳುವ ಇದ್ದಿಲು. ಉಪನಯನದಂದಿನಿಂದ ಹಣೆಯಲ್ಲಿ ಇದ್ದೇ ಇದ್ದದ್ದು. ಅದು ಅವನಿಗೆ ಚರ್ಮದಷ್ಟೇ ತನ್ನದಾಗಿತ್ತು, ಇದ್ದಿಲೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅವನು ಕೇಳಿದ, "ನಿಮಗೆ ಯಾವಾಗ ಗೊತ್ತಾದದ್ದು?"

"ನಿಮ್ಮ ಅಣ್ಣನಿಗೆ ಮಗು ಆದಾಗ. ಸೂತಕ ಅಂತ ನೀವು ಅಂಗಾರ ಹಚ್ಚಿರಲಿಲ್ಲ. ಆಗ ಒತ್ತಿದ ಕಂತು ಇನ್ನೂ ಬದುಕಿ ಉಂಟು."

"ಹೇಳಬಹುದಿತ್ತಲ್ಲ."

"ಹೇಗೆ ಹೇಳುವುದು? ನನ್ನ ಕಾಡಿಗೆ ಚಂದಕ್ಕೆ ಹಚ್ಚಿದ್ದು, ತೊಳೆಯಿರಿ ಅಂತ ನೀವು ಹೇಳಿದಿರಿ, ತೊಳೆದೆ. ಇದು ದೇವರ ಹತ್ತಿರದಿಂದ ಬಂದದ್ದು. ಇದನ್ನು ಒರೆಸಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರಲಿಲ್ಲ. ಪ್ರೆಸ್ಸನ್ನೇ ಬದಲಿಸಿದೆ."

ಅಷ್ಟಕ್ಕಾಗಿ ಅವಳು ಬಸ್ಸಿನಲ್ಲಿ ನಿಂತುಕೊಂಡು ಕಾರ್ಕಳಕ್ಕೆ ಹೋಗಿ ಬರುತ್ತಿದ್ದಳು. ಅನಂತೇಶನಿಗೆ ತಲೆ ಎತ್ತಲಾಗಲಿಲ್ಲ. ತಲೆ ತಗ್ಗಿಸಿಯೇ ಕೇಳಿದ, "ಮತ್ತೆ ಆಶ್ಲಿ?"

"ಅವನಿಗೆ ಕ್ರಿಸ್ಮಸ್ ಕಳೆದು ಮದುವೆ. ಹುಡುಗಿ ಸಂತೆಕಟ್ಟೆಯವಳು, ನನ್ನ ಕಾಲೇಜಿನ ಗೆಳತಿ. ಅವಳನ್ನು ನೋಡ್ಲಿಕ್ಕೆ ಬರುವಾಗ ನನ್ನನ್ನು ಇಲ್ಲಿ ಇಳಿಸಿ ಹೋಗುವುದು."

"ಇಷ್ಟು ದಿನ ಒಂದು ಮಾತು ಹೇಳಲಿಲ್ಲ."

"ನೀವು ಕೇಳಲಿಲ್ಲ." ಕಣ್ಣಿನ ಅಂಚು ಕಿರಿದಾಯಿತು, ಎಡಗೆನ್ನೆಯಲ್ಲಿ ಕುಳಿ ಮೂಡಿತು. "ಮತ್ತೆ, ನಿಮ್ಮ ಮುಖ ನೋಡ್ಲಿಕ್ಕೆ ಚಂದ ಇತ್ತು. ಗೇರುಬೀಜದ ಮೇಲೂ ಸಿಟ್ಟು."

"ಗೇರುಬೀಜ ಬಿಡಿ. ನನಗೆ ಅವನ ಪ್ರೆಸ್ಸಿನ ಮೇಲೂ ಹೊಟ್ಟೆಕಿಚ್ಚಾಗಿತ್ತು."

ಹೀಗೆ ಒಪ್ಪಿಕೊಂಡದ್ದೇ ಹೇಳಬೇಕಾದದ್ದನ್ನೆಲ್ಲ ಹೇಳಿಬಿಟ್ಟಿತ್ತು. ಅವಳು ನಿಕಲ್ ಹಾಳೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. ನಗು ಸದ್ದಿನವರೆಗೆ ಬರಲಿಲ್ಲ.

ಅವನು ಎದ್ದು ನೇರ ಮೇಡಂ ಕೋಣೆಗೆ ಹೋದ. ಕಾರ್ಕಳದ ಎಲೆಕ್ಟ್ರೋಡ್ ಶುದ್ಧ, ಕಾರ್ಬನ್ ತಂದವನು ನಾನು ಎಂದ.

*

ಮರುದಿನ ಬೆಳಗ್ಗೆ ಇನ್ನಂಜೆಯ ಮನೆಯಲ್ಲಿ ಅಪ್ಪ ಪೂಜೆ ಮುಗಿಸಿ ಅಂಗಾರದ ಬಟ್ಟಲು ಮುಂದೆ ಹಿಡಿದಾಗ ಅನಂತೇಶ ಕೈ ಚಾಚಲಿಲ್ಲ. ನಡೆದದ್ದನ್ನೆಲ್ಲ ಹೇಳಿದ. ಯಾರು ಕಂಡುಹಿಡಿದದ್ದು, ಯಾಕೆ ಬಾಯಿಬಿಡಲಿಲ್ಲ, ಯಾವ ಊರು, ಯಾರ ಮಗಳು, ಯಾವುದನ್ನೂ ಬಿಡಲಿಲ್ಲ.

ಅಪ್ಪ ಕೃಷ್ಣರಾಜ ಭಟ್ಟರು ನಿರ್ಮಾಲ್ಯದ ತುಳಸಿಯನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟರು.

"ಗುಡಿಯ ಒಳಗೆ ಹೋಗುವಾಗ ಅಂಗಿ ತೆಗೆದು ಹೋಗುತ್ತೇವೆ. ನಿನ್ನ ಆ ಕೋಣೆಗೆ ಇದನ್ನು ತೆಗೆದು ಹೋಗು. ಸಂಜೆ ಕೈಕಾಲು ತೊಳೆದು ಹಚ್ಚಿಕೋ. ದೇವರು ಎಲ್ಲಿಗೂ ಹೋಗುವುದಿಲ್ಲ." ಬಟ್ಟಲನ್ನು ಕೆಳಗಿಟ್ಟು ಸೇರಿಸಿದರು, "ಆ ಹುಡುಗಿಗೆ ಭಕ್ತಿ ಉಂಟು ಮಗ. ನಿನಗಿಂತ ಹೆಚ್ಚು."

*

ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿದ ಮೇಲೆ ಒಂದು ಸಂಜೆ ಅನಂತೇಶ ಕಾಪುವಿಗೆ ಹೋದ. ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ದೀಕ್ಷಿತಾ ಕೂತಿದ್ದಳು. ತಿರುಗಿ ನೋಡಿದಾಗ ಅವನು ನಿಂತಲ್ಲೇ ನಿಂತ. ಕಣ್ಣಿಗೆ ಕಾಡಿಗೆ ಹಚ್ಚಿದ್ದಳು, ದಪ್ಪಗೆ, ಅಜ್ಜಿ ಹಚ್ಚುವ ಹಾಗೆ.

"ಇಲ್ಲಿ ನಿಮ್ಮ ಕಾನೂನು ನಡೆಯುವುದಿಲ್ಲ ಅಲ್ವಾ?"

ಅವನ ಹಣೆಯಲ್ಲೂ ಗೆರೆ ಇತ್ತು. ಮನೆಯಲ್ಲಿ ಸ್ನಾನ ಮಾಡಿ ಹಚ್ಚಿಕೊಂಡು ಬಂದಿದ್ದ.

ಕೆಳಗೆ ಧರ್ಮಪಾಲರ ದೋಣಿ ಹೊರಡುತ್ತಿತ್ತು. ಮುಂತುದಿಯಲ್ಲಿ ಸಣ್ಣದೊಂದು ದೀಪ ಉರಿಯುತ್ತಿತ್ತು. ಅದರ ಬುಡದಲ್ಲಿದ್ದದ್ದು ಕಾರ್ಕಳದಲ್ಲಿ ಒತ್ತಿದ ಎಲೆಕ್ಟ್ರೋಡಿನ ಬ್ಯಾಟರಿ. ಇಬ್ಬರೂ ಆ ಬೆಳಕು ಅಲೆಯೊಡನೆ ಏಳುತ್ತ ಇಳಿಯುತ್ತ ದೂರವಾಗುವುದನ್ನು ನೋಡಿದರು.

"ಸೋಮವಾರದಿಂದ ನಮ್ಮ ಪ್ರೆಸ್ಸಿಗೇ ಬಾ," ಎಂದ ಅನಂತೇಶ. ಬಹುವಚನ ಬಿಟ್ಟುಹೋದದ್ದು ಹೇಳಿದ ಮೇಲೆ ಗೊತ್ತಾಯಿತು.

"ಇನ್ನೂ ಹೊಟ್ಟೆಕಿಚ್ಚಾ?"

"ಸ್ವಲ್ಪ ಉಂಟು."

"ಇರಲಿ. ಪೂರ್ತಿ ಆರಿದರೆ ನನಗೆ ಬೇಜಾರು." ಅವಳು ಸಮುದ್ರವನ್ನು ನೋಡುತ್ತಲೇ ಹೇಳಿದಳು, "ಅಪ್ಪ ಬೆಳಗ್ಗೆ ಬರುತ್ತಾರೆ. ನಿಮಗೆ ಕೇಳ್ಲಿಕ್ಕೆ ಇರುವುದನ್ನು ಅವರ ಹತ್ತಿರ ಕೇಳಿ. ನನ್ನ ಹತ್ತಿರ ಕೇಳಬೇಕೆಂದಿಲ್ಲ."

ಬಂಡೆ ಹತ್ತಿ ಬಂದ ಬೆವರಿಗೆ ಅಂಗಾರ ಕರಗತೊಡಗಿತ್ತು. ಅವನು ಒರೆಸಲು ಕೈ ಎತ್ತುವ ಮೊದಲೇ ಅವಳು ಬೆರಳ ತುದಿಯಿಂದ ಅದನ್ನು ಮೆಲ್ಲನೆ ತೆಗೆದಳು. ಬೆರಳಿಗೆ ಅಂಟಿದ ಕಪ್ಪನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ಮಗುವಿಗೆ ದೃಷ್ಟಿ ತಾಗದಿರಲೆಂದು ಇಡುವ ಬೊಟ್ಟಿನಂತೆ, ಅದನ್ನು ತನ್ನ ಎಡಗೆನ್ನೆಯ ಕುಳಿ ಬೀಳುವ ಜಾಗದಲ್ಲಿ ಇಟ್ಟುಕೊಂಡಳು.